ಗೋಡೆಯ ಕಡೆಗೆ ಕುರ್ಚಿ

ಬಜರ್ ಮೇಲಿಟ್ಟಿದ್ದ ಬೆರಳನ್ನು ದುರ್ಗಾ ಹಿಂದಕ್ಕೆ ತೆಗೆದುಕೊಂಡಳು. ಹೊಳಲ್ಕೆರೆಯ ರಸಪ್ರಶ್ನೆ ಸ್ಪರ್ಧೆಯಲ್ಲಿ ಎದುರು ತಂಡದವರು ಉತ್ತರ ಹೇಳಿ ಅಂಕ ಸರಿಗಟ್ಟಿದರು.

ಕೊನೆಯ ಪ್ರಶ್ನೆಗೆ ಮುಂಚೆ ನೀರು ಕುಡಿಯಲು ಬಿಟ್ಟಾಗ, ಆರು ತಿಂಗಳಿಂದ ಅವಳನ್ನು ತಯಾರು ಮಾಡಿದ್ದ ಜಯಶೀಲಾ ಟೀಚರ್ ಹತ್ತಿರ ಬಂದರು. “ಯಾಕಮ್ಮ ಒತ್ಲಿಲ್ಲ? ಗೊತ್ತಿತ್ತಲ್ಲ ನಿಂಗೆ.”

“ಗೊತ್ತಿತ್ತು ಮಿಸ್. ಒತ್ತೋದ್ರೊಳಗೆ ನಿಮ್ ತುಟಿ ಅಲ್ಲಾಡ್ತು. ಆಮೇಲೆ ಒತ್ತಿದ್ರೆ ನೀವು ಹೇಳ್ಕೊಟ್ಟಂಗೆ ಆಗ್ತಿತ್ತು.”

ಜಯಶೀಲಾ ತಮ್ಮ ಬಾಯನ್ನು ಮುಟ್ಟಿ ನೋಡಿಕೊಂಡರು. ಮುಂದಿನ ಸಾಲಿಗೆ ಹೋಗಿ, ತಮ್ಮ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಕೂತರು. ಕೊನೆಯ ಪ್ರಶ್ನೆ ಕೇಳಿಸಿತು. ಗೋಡೆಗೆ ಮಾತ್ರ ಕಾಣುವಂತೆ ಅವರ ತುಟಿ ಮತ್ತೆ ಅಲ್ಲಾಡಿತು. ಬೆನ್ನ ಹಿಂದೆ ಬಜರ್ ಕೂಗಿತು. ಅದೇ ಉತ್ತರವನ್ನು ದುರ್ಗಾ ಗಟ್ಟಿಯಾಗಿ ಹೇಳಿದಳು.