ಹೊಸ್ತಿಲ ಮೇಲಿನ ದೋಣಿ

“ನಮ್ಮ ಮನಿ ಇಲ್ಲೇ ಬರ್ತೈತೇನೋ ಪ್ರೇಮಾ?” ಎನ್ನುತ್ತಲೇ ಅನ್ನವ್ವ ಚಪ್ಪಲಿ ಕಳಚಿಟ್ಟು ದೋಣಿಯ ಅಂಚಿಗೆ ಕೂತಳು.

“ಹೂಂ ಬೇ ಯವ್ವಾ. ಗುಡ್ಡದ ಮ್ಯಾಲಿನ ಗಿಡ, ಆ ಗುಡಿ ಶಿಖರ ಒಂದ ಸಾಲಿಗೆ ಬಂದ್ವು ನೋಡು. ಇದರ ಕೆಳಗ ನಮ್ಮ ಹೊಸ್ತಲ,” ಎಂದ ಮಗ ಪ್ರೇಮಕುಮಾರ. ಕೃಷ್ಣೆಯ ಹಿನ್ನೀರಲ್ಲಿ ಮುಳುಗಿದ ಊರಿನ ಮೇಲೆ ಹಾಯುವಾಗ ಅನ್ನವ್ವನ ಓರಗೆಯವರು ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ. ಅವಳು ಹೊಸ್ತಿಲಿಗೆಂದು ತಂದ ಅರಿಷಿಣ ಕುಂಕುಮದ ಪೊಟ್ಟಣ ಬಿಚ್ಚಿದಳು.

ಪ್ರೇಮಕುಮಾರ ಗೋವಾದಿಂದ ಕೊಂಡು ತಂದ ಹಳೆಯ ಹಾಯಿದೋಣಿ ಅದು. ಮುಳುಗಿದ ಊರು ತೋರಿಸುತ್ತೇನೆಂದು ಅವನು ನಾಳೆಗೆ ಪ್ರವಾಸಿಗರನ್ನು ಕರೆದಿದ್ದ. ದೋಣಿಯೊಳಗಿನ ಪುಟ್ಟ ಸಂಡಾಸದಲ್ಲಿ ನಳದ ಕೆಲಸದ ಸಾತಪ್ಪ ಸೋರುವ ಪೈಪು ಬದಲಿಸಿ, ಒಡೆದ ಕಮೋಡು ಕಿತ್ತು ಹೊಸದು ಕೂಡಿಸಿದ್ದ.

“ಮಾಲಕ್ರ, ಹೊಲಸು ತುಂಬೂ ಟಾಕಿ ಇನ್ನೂ ಕೂಡ್ಸಿಲ್ರಿ,” ಎಂದ ಸಾತಪ್ಪ ಕೆಳಗಿನಿಂದ.

“ಟಾಕಿ ಯಾಕ ಬೇಕೋ? ಇಷ್ಟು ದೊಡ್ಡ ಹೊಳಿ ಐತಿ. ಪೈಪ್ ಸೀದಾ ಹೊರಗ ಬಿಡು,” ಎಂದು ನಗುತ್ತ ಪ್ರೇಮಕುಮಾರ ತಾನೇ ಕೆಳಗಿಳಿದ. “ಸರಿ ಅತ್ಲಾಗ, ಉದ್ಘಾಟನಾ ನಾನ ಮಾಡತೇನಿ.”

ಸ್ವಲ್ಪ ಹೊತ್ತಿಗೆ ದೋಣಿಯ ಪಕ್ಕೆಯ ತೂತು ಗೊಳಗೊಳ ಅಂದಿತು. ಅರಿಷಿಣ ಹಿಡಿದು ನೀರಿನ ಮೇಲೆ ಚಾಚಿದ್ದ ಅನ್ನವ್ವನ ಕೈ ಅಲ್ಲೇ ನಿಂತಿತು. ಅದರ ಕೆಳಗೇ ಹೊಲಸು ತೇಲಿತು, ಒಡೆಯಿತು, ಮೆಲ್ಲಗೆ ಇಳಿಯಿತು.

“ಎಲ್ಲಾ ಛಲೋತ್ನಂಗ ಹೋತೇನ್ ಬೇ?” ಮಗ ಒಳಗಿನಿಂದ ಕೂಗಿದ.

“ಹೋತಪಾ. ಸೀದಾ ಪಡಸಾಲಿಗೇ ಹೋತು,” ಎಂದು ಅನ್ನವ್ವ ಪೊಟ್ಟಣ ಮಡಚಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಮೆಟ್ಟಿಕೊಂಡಳು.