ಲಕೋಟೆಯ ಕಿಟಕಿ

ಕರೆಂಟ್ ಕಂಪನಿಯ ಫೋನಿನವನು ತನ್ನ ಹೆಸರು ಹೇಳಿದ್ದೇ ತಡ, ಡುಲ್ಸಿ ಫೋನನ್ನು ದಿಂಬಿನ ಕೆಳಗೆ ತುರುಕಿ ಅದರ ಮೇಲೆ ಕುಳಿತುಬಿಟ್ಟಳು.

"ಏಳು ಅತ್ತಿಗೆ!" ವರ್ನಾ ಅವಳ ತೋಳು ಹಿಡಿದು ಎಳೆದಳು. "ನಲವತ್ತು ನಿಮಿಷ ಆ ದರಿದ್ರ ಸಂಗೀತ ಕೇಳಿದ್ಮೇಲೆ ಒಬ್ಬ ಮನುಷ್ಯ ಸಿಕ್ಕಿದಾನೆ. ಅವನನ್ನ ಉಸಿರುಗಟ್ಟಿಸಿ ಕೂತ್ಯಲ್ಲ!"

"ಅವನ ಹೆಸರು ಕೇಳಿಸ್ತಾ?"

"ಕೇಳಿಸ್ತು. ಅವನೂ ಕುನ್ಮನಾರ ಅಂದ್ಕೋ, ಮುಗೀತು."

ಅವರ ಮೂಲನಿವಾಸಿ ಜನರಲ್ಲಿ ಸತ್ತವರ ಹೆಸರು ಬಾಯಿಗೆ ಬರಕೂಡದು, ಬರವಣಿಗೆಗೂ. ಅದೇ ಹೆಸರಿನ ಬದುಕಿರುವವರನ್ನೂ ಕುನ್ಮನಾರ ಎಂದೇ ಕರೆಯಬೇಕು. ಡುಲ್ಸಿಯ ಗಂಡ ಅಡಿಲೇಡ್ ಆಸ್ಪತ್ರೆಯಲ್ಲಿ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನ ಹೆಸರೇ ಇದ್ದ ಎದುರುಮನೆಯ ಪ್ಲಂಬರ್ ಅಂದಿನಿಂದ ಕುನ್ಮನಾರ. ಕರೆಂಟ್ ಕಂಪನಿಗೆ ಮಾತ್ರ ಇವತ್ತಿನವರೆಗೆ ಯಾರೂ ಹೇಳಿರಲಿಲ್ಲ. ಅದು ಪತ್ರದ ಮೇಲೆ ಪತ್ರ ಕಳಿಸುತ್ತಲೇ ಇತ್ತು, ಪ್ರತಿ ಲಕೋಟೆಯ ಪಾರದರ್ಶಕ ಕಿಟಕಿಯಲ್ಲೂ ಆ ಹೆಸರು ದಪ್ಪ ಅಕ್ಷರಗಳಲ್ಲಿ. ಡುಲ್ಸಿ ಒಂದನ್ನೂ ಒಡೆಯದೆ ಹಿಟ್ಟಿನ ಡಬ್ಬಿಯಲ್ಲಿ ಬೋರಲಾಗಿ ಮಲಗಿಸಿದ್ದಳು. ಇವತ್ತು ಬಾಗಿಲಿಗೆ ಅಂಟಿಸಿಹೋದ ಚೀಟಿಯಲ್ಲಿ ಹೆಸರಿರಲಿಲ್ಲ. ಹಾಗಾಗಿ ಓದಿದಳು: ನಾಳೆ ಮಧ್ಯಾಹ್ನ ಲೈನು ಕಡಿತ. ಹೊರಗೆ ಬಿಸಿಲು ಚಾವಣಿಯ ತಗಡನ್ನು ಕಾಯಿಸುತ್ತಿತ್ತು. ಫ್ರಿಜ್ಜಿನಲ್ಲಿ ಅವಳ ತಾಯಿಯ ಇನ್ಸುಲಿನ್ ಇತ್ತು.

ಪೋರ್ಟ್ ಅಗಸ್ಟಾದ ಸಮುದಾಯ ಕೇಂದ್ರದಲ್ಲಿ, ಬಾಕಿ ಉಳಿಸಿಕೊಂಡವರ ಪರವಾಗಿ ಕಂಪನಿಗಳ ಜೊತೆ ಜಗಳವಾಡುವುದೇ ವರ್ನಾಳ ಉದ್ಯೋಗ. ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು.

"ನೋಡಿ, ಇವರ ಯಜಮಾನರು ತೀರಿಕೊಂಡಿದಾರೆ. ಇಂಥ ಮನೆಗೆ ಬಾಕಿ ಮನ್ನಾ ಮಾಡೋ ನಿಯಮ ನಿಮ್ಮಲ್ಲೇ ಇದೆ. ಮರಣ ಪ್ರಮಾಣಪತ್ರ ಬೆಳಿಗ್ಗೆನೇ ಕಳಿಸಿದೀನಿ."

"ಖಂಡಿತ ಮೇಡಂ. ಮೊದಲು ಖಾತೆದಾರರ ಪೂರ್ತಿ ಹೆಸರು ಹೇಳಿ."

"ಪತ್ರದಲ್ಲಿದೆ, ಓದ್ಕೊಳ್ಳಿ."

"ಬಾಯಲ್ಲೇ ಹೇಳ್ಬೇಕು ಮೇಡಂ. ಇಲ್ದಿದ್ರೆ ನನ್ನ ಸ್ಕ್ರೀನು ಮುಂದಕ್ಕೆ ಹೋಗಲ್ಲ."

ವರ್ನಾ ತುಟಿ ಕಚ್ಚಿಕೊಂಡಳು. ಸತ್ತವನು ಅವಳ ದೊಡ್ಡಮ್ಮನ ಮಗ, ಅವಳೂ ಆ ಹೆಸರು ಎತ್ತುವಂತಿರಲಿಲ್ಲ. "ಅಂಗಳಕ್ಕೆ ಹೋಗಿ ಹೇಳಿಬರ್ಲಾ?" ಎಂದು ಪಿಸುಗುಟ್ಟಿದಳು.

"ಗಾಳಿ ಈ ಕಡೆಗೇ ಬೀಸ್ತಿದೆ," ಎಂದಳು ಡುಲ್ಸಿ.

"ಹಲೋ? ಹೆಸರು ಹೇಳದೇ ಇದ್ರೆ ನಾನು ಲೈನ್ ಬಿಡ್ಬೇಕಾಗತ್ತೆ."

ಡುಲ್ಸಿ ಎದ್ದು ನಿಂತಳು. ವರ್ನಾಳ ಕೈಯಿಂದ ಫೋನು ತೆಗೆದುಕೊಂಡು ತುಟಿಯ ಹತ್ತಿರಕ್ಕೆ ತಂದಳು.

"ಏ ತಮ್ಮ, ಪೂರ್ತಿ ಹೆಸರು ತಾನೇ ಬೇಕು? ಮೊದಲನೇದು ನಿಂದು. ಕೊನೇದು ನಂದು. ನಾನು ಡುಲ್ಸಿ ಬ್ಯಾರೆಟ್. ಈಗ ಜೋಡಿಸ್ಕೋ."

ಆ ಕಡೆ ಕೀಲಿಮಣೆಯ ಸದ್ದು ನಿಂತಿತು.

"ಅಯ್ಯೋ," ಎಂದ ಅವನು. ಮತ್ತೆ ಟಕಟಕ. "ಹೌದು... ಸರಿಯಾಗಿದೆ. ಹಾಗಾದ್ರೆ ನನ್ನನ್ನ ಏನಂತ ಕರೀತೀರಿ?"

"ಕುನ್ಮನಾರ. ಕೆಲಸ ನೋಡು."

ವರ್ನಾ ದಿಂಬನ್ನು ಚಾವಣಿಗೆ ಎಸೆದಳು. ಆಮೇಲೆ ಅವನನ್ನು ಬಿಡಲೇ ಇಲ್ಲ. ಮೇಲಧಿಕಾರಿಗಳನ್ನು ಕೇಳಿಬರುವಂತೆ ಮಾಡಿದಳು, ಕಾಯಿಸಿದಳು, ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿಸಿದಳು. ನಾಳೆಯ ಕಡಿತ ರದ್ದು. ಹಳೆಯ ಬಾಕಿ ಪೂರ್ತಿ ಮನ್ನಾ. ಇಂದಿನಿಂದ ಖಾತೆ ಡುಲ್ಸಿ ಬ್ಯಾರೆಟ್ ಹೆಸರಿನಲ್ಲಿ. ಡುಲ್ಸಿ ಫ್ರಿಜ್ಜಿನ ಬಾಗಿಲು ತೆರೆದು, ಒಳಗಿನ ದೀಪ ನೋಡಿ, ಮುಚ್ಚಿದಳು. ಮತ್ತೊಮ್ಮೆ ತೆರೆದಳು.

"ಇನ್ನೊಂದು ಮಾತು, ಮಿಸೆಸ್ ಬ್ಯಾರೆಟ್," ಫೋನಿನವನ ದನಿ ಮೆತ್ತಗಾಗಿತ್ತು. "ಬಾಕಿ ಏನೂ ಇಲ್ಲ ಅಂತ ಅವರ ಹೆಸರಲ್ಲಿ ಕೊನೇದೊಂದು ಪತ್ರ ಕಳಿಸ್ತೀನಿ. ನೆನಪಿಗೆ ಇಟ್ಕೋಬಹುದು."

ಡುಲ್ಸಿ ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಮುಚ್ಚಿದಳು.

"ಬೇಡ."