ಬೆನ್ನ ಮೇಲಿನ ಮಚ್ಚೆ

ಜ್ವರ ಬಂದರೂ ಆಸ್ಪತ್ರೆಯ ಮೆಟ್ಟಿಲು ಹತ್ತದ ರುದ್ರೇಶಪ್ಪ ತಾನಾಗಿಯೇ ಚರ್ಮದ ಡಾಕ್ಟರ ಬಳಿ ಹೋಗಿಬಂದಾಗ ಹೆಂಡತಿ ವಿಶಾಲಾಕ್ಷಿಗೆ ಆಶ್ಚರ್ಯವಾಗಿತ್ತು. ರಿಪೋರ್ಟ್ ಕೇಳುವ ದಿನ ಅವಳೂ ಜೊತೆಗೆ ಹೊರಟಳು. ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು ಗಂಡನ ತೋಳು ಹಿಡಿದುಕೊಂಡಳು.

"ಹೆದರಬೇಡಿ. ಈಗಷ್ಟೇ ಶುರುವಾಗಿದೆ, ಪೂರ್ತಿ ತೆಗೆದುಬಿಟ್ಟರೆ ಗುಣವಾಗ್ತಾರೆ," ಎಂದರು ಡಾಕ್ಟರು.

ವಿಶಾಲಾಕ್ಷಿಗೆ ಹೋದ ಜೀವ ಬಂದಂತಾಯಿತು.

"ಚರ್ಮಕ್ಕೂ ಕ್ಯಾನ್ಸರ್ ಬರುತ್ತೆ ಅಂತ ನಮ್ಮ ಜನಕ್ಕೆ ಗೊತ್ತೇ ಇಲ್ಲ. ಹುಣ್ಣಾಗಿ ಕೊಳೆತ ಮೇಲೆ ಬರ್ತಾರೆ. ಬೆನ್ನಿನ ನಡುವೆ ಇರೋ ಮಚ್ಚೆ ನಿಮಗೆ ಹೇಗೆ ಗೊತ್ತಾಯ್ತು?"

ರುದ್ರೇಶಪ್ಪ ತಡವರಿಸಿದ. "ಮನೆಯವಳು ನೋಡಿದ್ಲು ಸರ್. ದೊಡ್ಡದಾಗ್ತಿದೆ, ತೋರಿಸಿ ಅಂತ ಒಂದೇ ಸಮ ಗಂಟುಬಿದ್ದಿದ್ಲು."

ಡಾಕ್ಟರು ವಿಶಾಲಾಕ್ಷಿಯತ್ತ ತಿರುಗಿದರು. "ಗಂಡನ ಜೀವ ಉಳಿಸಿದ್ರಿ ತಾಯಿ. ನೀವು ಮೊದಲು ನೋಡಿದಾಗ ಎಷ್ಟಿತ್ತು?"

ಅವಳು ಗಂಡನ ಮುಖ ನೋಡಿದಳು. ಅವನು ತಲೆ ಎತ್ತಲಿಲ್ಲ.

"ನಾನು ಇವರ ಬೆನ್ನು ನೋಡಿ ಒಂಬತ್ತು ವರ್ಷ ಆಯ್ತು ಸರ್," ಎಂದಳು. "ನೋಡಿದವಳನ್ನೇ ಕರೆಸಿ ಕೇಳಿ."